ಸಂಕಟಕ್ಕೂ ಅಳತೆಯುಂಟೆ?

ಅಕ್ಕಿಗೆ ಪಾವು, ಎಣ್ಣೆಗೆ ಸೌಟು, ಉಪ್ಪಿಗೆ ಚಿಟಿಕೆ. ಮನಸ್ಸಿನ ಸಂಕಟಕ್ಕೆ ಯಾವ ಅಳತೆ?

ನಮ್ಮ ಮನೆ ವರ್ತೂರು ಕೆರೆಯ ಹತ್ತಿರ. 2015ರಲ್ಲಿ ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಗೇ ಬಂತು. 2017ರಲ್ಲಿ ಮೇಲಿನ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಎದ್ದಿತು! ನಾತಕ್ಕೆ ಕಿಟಕಿ ಮುಚ್ಚಿ ಕೂತರೆ ಎದೆ ಭಾರ, ರಾತ್ರಿ ನಿದ್ದೆಯಿಲ್ಲ. "ನಿನಗೇನು ಕಡಿಮೆಯಾಗಿದೆ?" ಅನ್ನೋರು ನಮ್ಮವರು.

ಮಗಳು ಓದಿ ಹೇಳಿದಳು: ಊರು ಬಿಡದೆಯೇ ಊರು ಕಳೆದುಕೊಂಡ ಈ ನೋವಿಗೆ ಆಸ್ಟ್ರೇಲಿಯಾದ ಗ್ಲೆನ್ ಆಲ್‌ಬ್ರೆಕ್ಟ್ 2003ರಲ್ಲಿ 'ಸೋಲಾಸ್ಟಾಲ್ಜಿಯಾ' ಎಂದು ಹೆಸರಿಟ್ಟರಂತೆ. ಅಲ್ಲಿನ ಕಲ್ಲಿದ್ದಲು ಗಣಿಗಳ ಸುತ್ತಲಿನ ಜನಕ್ಕೆ ಪ್ರಶ್ನೆ ಕೇಳಿ ಅದನ್ನು ಅಳೆದೂ ನೋಡಿದರಂತೆ.

ನಾನೂ ಕಿಟಕಿ ಮುಚ್ಚಿದ ದಿನಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಒಂದೇ ತಿಂಗಳಲ್ಲಿ ಹತ್ತೊಂಬತ್ತು! ನಮ್ಮವರು ಎಣಿಸಿ ಸುಮ್ಮನಾದರು. ಮತ್ತೆಂದೂ ಆ ಮಾತು ಕೇಳಲಿಲ್ಲ.

ಸೋದರಿಯರೇ, ನಿಮಗೂ ಹೀಗಿದ್ದರೆ ಗುರುತು ಹಾಕಿಡಿ, ಬಾಯಿಬಿಟ್ಟು ಹೇಳಿ.