ಅಹಮದಾಬಾದಿನ ಓಣಿಯಲ್ಲಿ ಟೇಪು ಹಿಡಿದ ದಿನ

ಕಳೆದ ಚಳಿಗಾಲದಲ್ಲಿ ಅಹಮದಾಬಾದಿಗೆ ಹೊರಟಾಗ ನನ್ನ ಕೈಚೀಲದಲ್ಲಿ ಎರಡು ವಸ್ತುಗಳಿದ್ದವು. ಒಂದು, ಮಗಳಿಗೆಂದು ಮಾಡಿದ ಚಕ್ಕುಲಿ, ಕೊಬ್ಬರಿ ಮಿಠಾಯಿ ಡಬ್ಬಿ. ಇನ್ನೊಂದು, ಅಣ್ಣ ಕಳಿಸಿದ್ದ ಕಾಗದಪತ್ರ. ತಿಪಟೂರು ಕಡೆಯ ನಮ್ಮ ತೌರಿನ ತೊಟ್ಟಿ ಮನೆಯನ್ನು ಕೆಡವಿ ಜಾಗ ಮಾರಲು ನನ್ನ ಸಹಿ ಬೇಕಿತ್ತು. "ಮಾಡು ಸೋರುತ್ತೆ, ನೋಡಿಕೊಳ್ಳೋರು ಯಾರಮ್ಮ?" ಅಂದಿದ್ದ ಅಣ್ಣ. ಅವನ ಮಾತು ಸುಳ್ಳೇನಲ್ಲ. ಆದರೂ ಸಹಿ ಹಾಕಲು ಕೈ ಬಂದಿರಲಿಲ್ಲ.

ಮಗಳು ಅಲ್ಲಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಳೆ. ನಾನು ಹೋದ ಮಾರನೇ ದಿನವೇ, "ಅಮ್ಮ, ಇವತ್ತು ಹಳೇ ಊರಲ್ಲಿ ಮನೆ ಅಳತೆ ಮಾಡೋ ಕೆಲಸ ಇದೆ. ನೀನೂ ಬಾ" ಅಂದಳು. ಹೊರಟೆ.

ಹಳೇ ಊರೆಂದರೆ ಸಾಬರಮತಿಯ ಪೂರ್ವ ದಂಡೆಯಲ್ಲಿ 1411ರಲ್ಲಿ ಸುಲ್ತಾನ್ ಅಹಮದ್ ಶಾ ಸ್ಥಾಪಿಸಿದ ಊರು. ಅಲ್ಲಿನ ಓಣಿಗಳಿಗೆ 'ಪೋಳ' ಎಂದು ಹೆಸರು. ನಮ್ಮ ಕಡೆಯ ಕೇರಿ ಇದ್ದ ಹಾಗೆ. ಆದರೆ ಓಣಿಯ ಬಾಯಿಗೇ ಒಂದು ದೊಡ್ಡ ಬಾಗಿಲು! ಒಳಗೆ ಮನೆಗೆ ಮನೆ ಅಂಟಿಕೊಂಡಿದೆ. ಬಿಸಿಲು ನೆಲಕ್ಕೆ ಬೀಳದಷ್ಟು ಇಕ್ಕಟ್ಟು. ನಡುವೆ ಕಂಬದ ಮೇಲೆ ಹಕ್ಕಿಗಳಿಗೆ ಕಾಳು ಹಾಕುವ 'ಚಬೂತರೋ'. ಮನೆ ಮುಂದಿನ ಜಗಲಿಯಲ್ಲಿ ಹೆಂಗಸರು ಬಟಾಣಿ ಸುಲಿಯುತ್ತ ಕೂತಿದ್ದರು. ನನಗೆ ನಮ್ಮೂರೇ ಕಂಡ ಹಾಗಾಯಿತು.

ನಾವು ಹೋದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಇದ್ದರು. ಹುಡುಗರೆಲ್ಲ "ಬಾ, ಬಾ" ಎನ್ನುತ್ತಿದ್ದರು. ನನ್ನನ್ನೇ ಕರೆಯುತ್ತಿದ್ದಾರೆ ಅಂತ ನಾನು ಎರಡು ಸಲ ಎದ್ದು ಹೋದೆ. ಗುಜರಾತಿಯಲ್ಲಿ 'ಬಾ' ಎಂದರೆ ಅಮ್ಮನಂತೆ! ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಧ್ಯೆ ಚೌಕ, ಸುತ್ತ ಕೆತ್ತನೆಯ ಮರದ ಕಂಬಗಳು. ಚೌಕದ ಕೆಳಗೆ ಮಳೆನೀರು ತುಂಬಿಡುವ ತೊಟ್ಟಿ. ಅದಕ್ಕೆ 'ಟಾಂಕಾ' ಅನ್ನುತ್ತಾರೆ. ಇಟ್ಟಿಗೆ ಗೋಡೆಯೊಳಗೆ ಮರದ ತೊಲೆಗಳನ್ನು ಹೆಣೆದಿದ್ದಾರೆ. 2001ರ ಜನವರಿ 26ರ ಭೂಕಂಪದಲ್ಲಿ ಆ ನಗರದ ಎಷ್ಟೋ ಬಹುಮಹಡಿ ಕಟ್ಟಡಗಳು ಬಿದ್ದವು. "ನಮ್ಮನೆ ಕಿರುಗುಟ್ಟಿತು, ಬೀಳಲಿಲ್ಲ" ಎಂದು ಬಾ ಕಂಬವನ್ನು ಸವರಿದರು.

ನಾನು ಟೇಪಿನ ಒಂದು ತುದಿ ಹಿಡಿದೆ. ಕಂಬದ ಸುತ್ತಳತೆ, ಬಾಗಿಲಿನ ಎತ್ತರ, ಮೆಟ್ಟಿಲಿನ ಅಗಲ ಎಲ್ಲ ಬರೆದುಕೊಂಡರು. ಅಡಿಗೆಮನೆಯ ಗೋಡೆಯಲ್ಲಿ ಮಸಿ ಹಿಡಿದ ಒಂದು ಗೂಡಿತ್ತು. ಹುಡುಗರು ಬರೇ ಗೂಡು ಅಂತ ಬರೆದರು. ನಾನು ಹರಕು ಹಿಂದಿಯಲ್ಲಿ ಬಾ ಅವರನ್ನೇ ಕೇಳಿದೆ. ರಾತ್ರಿ ಒಲೆ ಆರಿಸಿದ ಮೇಲೆ ಹಣತೆ ಇಡುತ್ತಿದ್ದ ಜಾಗವಂತೆ, ಅವರ ಅತ್ತೆಯ ಕಾಲದಿಂದ. ಮಗಳು ಅದನ್ನೂ ನಕ್ಷೆಯಲ್ಲಿ ಬರೆದಳು. ಹೈಸ್ಕೂಲು ಓದಿದ ನನಗೂ ಅಲ್ಲಿ ಒಂದು ಕೆಲಸ ಸಿಕ್ಕಿತು ನೋಡಿ!

ಹೀಗೆ ಅಳೆದರೆ ಮನೆ ಉಳಿಯುತ್ತದೆಯೇ ಅಂತೀರಾ? ನಾನೂ ಅದನ್ನೇ ಕೇಳಿದೆ. ಮಗಳು ಬಿಡಿಸಿ ಹೇಳಿದಳು. ಅಲ್ಲಿನ ನಗರಪಾಲಿಕೆ 1996ರಲ್ಲೇ ಹಳೇ ಕಟ್ಟಡಗಳಿಗೆಂದು ಒಂದು ವಿಭಾಗ ತೆರೆಯಿತು. 1997ರಲ್ಲಿ ಕಾಲೂಪುರದ ಸ್ವಾಮಿನಾರಾಯಣ ಗುಡಿಯಿಂದ ಜುಮ್ಮಾ ಮಸೀದಿವರೆಗೆ ಓಣಿ ತೋರಿಸುವ ಬೆಳಗಿನ ನಡಿಗೆ ಆರಂಭಿಸಿತು. ಯಾವ ಮನೆ ಎಷ್ಟು ಹಳೆಯದು, ಹೇಗಿದೆ ಎಂದು ಮನೆ ಮನೆಗೆ ಹೋಗಿ ದಾಖಲೆ ಮಾಡುವುದರಲ್ಲಿ ವಿಶ್ವವಿದ್ಯಾಲಯ ಕೈಜೋಡಿಸಿತು. ಇಬ್ಬರೂ ಸೇರಿ ತಯಾರಿಸಿದ ದಾಖಲೆಯ ಬಲದಿಂದ 2017ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ನಗರವೆಂದು ಸಾರಿತು. ಭಾರತದಲ್ಲಿ ಆ ಗೌರವ ಪಡೆದ ಮೊದಲ ನಗರ ಇದೇ.

ಪಟ್ಟಿಗೆ ಸೇರಿದ ಮನೆಯನ್ನು ಮನಸ್ಸಿಗೆ ಬಂದಂತೆ ಕೆಡವುವಂತಿಲ್ಲ. ಹಾಗಾದರೆ ಮನೆಯವರಿಗೆ ನಷ್ಟವಲ್ಲವೇ? ಅದಕ್ಕೂ ಒಂದು ದಾರಿ ಮಾಡಿದ್ದಾರೆ. ಮೇಲೆ ಮಹಡಿ ಕಟ್ಟುವ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಆ ದುಡ್ಡಿನಿಂದ ಹಳೇ ಮನೆ ದುರಸ್ತಿಯಾಗಲಿ ಎಂಬ ಉದ್ದೇಶ. ಹಾಗಂತ ಎಲ್ಲ ಸುಸೂತ್ರ ಅಂತ ತಿಳಿಯಬೇಡಿ. ಬಾ ಅವರ ಎದುರು ಮನೆಗೆ ಬೀಗ, ಪಕ್ಕದ ಮನೆ ಗೋದಾಮು. ಇಬ್ಬರು ಗಂಡುಮಕ್ಕಳೂ ಹೊಳೆ ದಾಟಿ ಹೊಸ ಬಡಾವಣೆಯಲ್ಲಿದ್ದಾರೆ. "ಕಾರು ಒಳಗೆ ಬರಲ್ಲ ಅಂತಾರೆ. ನಾನಿರೋವರೆಗೂ ಇದು ಮನೆ" ಅಂದರು. ಆ ಮಾತು ನನ್ನ ಎದೆಗೆ ನಾಟಿತು.

ರಾತ್ರಿ ಅಣ್ಣನಿಗೆ ಫೋನು ಮಾಡಿದೆ. "ಸಹಿ ಹಾಕಲ್ಲ ಅಂತಲ್ಲ ಅಣ್ಣ. ಮೊದಲು ಒಂದು ಸಲ ಮನೆ ಅಳೆಯೋಣ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗೂನ ಬೇಸಿಗೆ ರಜಕ್ಕೆ ಕರ್ಕೊಂಡು ಬಾ" ಅಂದ.

ಬೇಸಿಗೆಯಲ್ಲಿ ಅಳತೆಯಾಯಿತು. ಟೇಪು ಹಿಡಿದವನು ಅಣ್ಣನೇ! ಅಪ್ಪ ನಮ್ಮ ಎತ್ತರ ಗುರುತು ಹಾಕುತ್ತಿದ್ದ ಕಂಬದ ಹತ್ತಿರ ಬಂದಾಗ ಇಬ್ಬರಿಗೂ ಮಾತು ಹೊರಡಲಿಲ್ಲ. ನಮ್ಮೂರಿನಲ್ಲಿ ಅಂಥ ಪಟ್ಟಿಯಿಲ್ಲ, ಮಾರುವ ಹಕ್ಕೂ ಇಲ್ಲ. ಮನೆ ಎಷ್ಟು ದಿನ ಉಳಿಯುತ್ತದೋ ದೇವರೇ ಬಲ್ಲ. ಮಳೆಗೆ ಮುಂಚೆ ಇಬ್ಬರೂ ದುಡ್ಡು ಹಾಕಿ ಹೆಂಚು ಕೈಯಾಡಿಸಿದೆವು. ಕಾಗದಪತ್ರ ಇನ್ನೂ ನನ್ನ ಬೀರುವಿನಲ್ಲೇ ಇದೆ.

ನಿಮ್ಮ ತೌರಿನಲ್ಲೂ ಹಳೇ ಮನೆ ಇದ್ದರೆ ಮುಂದಿನ ಸಲ ಹೋದಾಗ ಒಂದು ಟೇಪು, ನೋಟ್ ಬುಕ್ಕು ತೆಗೆದುಕೊಂಡು ಹೋಗಿ. ಹಣತೆ ಎಲ್ಲಿಡುತ್ತಿದ್ದರು ಅಂತ ಮರೆಯದೆ ಕೇಳಿ ಬರೆದಿಡಿ.