ಪಿಕ್ಚರ್ ಹಂಚೋರಿಗೆ ಎಲ್ಲಿಯ ಲೈಸನ್ಸು?

ಥೇಟರಿಗೆ ಲೈಸನ್ಸು ಬೇಕು. ಸಿನೆಮಾಕ್ಕೆ ಸೆನ್ಸಾರ್ ಸರ್ಟಿಫಿಕೇಟು ಬೇಕು. ಹಾಗಾದರೆ ನಡುವೆ ನಿಂತು ಅದನ್ನು ಊರೂರಿಗೆ ಮುಟ್ಟಿಸುವ ಹಂಚಿಕೆದಾರನಿಗೆ? ಈ ಸಾಲುಗಳ ಲೇಖಕನಿಗೆ ಈ ಪ್ರಶ್ನೆ ಎದುರಾದದ್ದು ಕೈಯಲ್ಲಿ ಅರ್ಜಿ ಹಿಡಿದು ಸರ್ಕಾರಿ ಕಚೇರಿಯಲ್ಲಿ ನಿಂತಾಗ. ಅವನೂ ಅವನ ಗೆಳೆಯರೂ ಹಳೇ ಹುಬ್ಬಳ್ಳಿಯ ಚಹಾದಂಗಡಿಯೊಂದರಲ್ಲಿ ಕೂತು, ಸಣ್ಣ ಬಜೆಟ್ಟಿನ ಕನ್ನಡ ಚಿತ್ರವೊಂದನ್ನು ಧಾರವಾಡ, ಗದಗ, ಹಾವೇರಿ ಕಡೆ ತಾವೇ ಬಿಡುಗಡೆ ಮಾಡುವುದೆಂದು ನಿಶ್ಚಯಿಸಿದ್ದರು. ಸರ್ಕಾರಕ್ಕೆ ತಿಳಿಸದೆ ಇಷ್ಟು ದೊಡ್ಡ ಕೆಲಸ ಮಾಡುವುದು ಹೇಗೆ?

ಗುಮಾಸ್ತರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಥೇಟರ್ ಎಲ್ಲೈತ್ರಿ?’

‘ಥೇಟರ್ ಇಲ್ರಿ. ನಾವು ಪಿಕ್ಚರ್ ಹಂಚೋರು.’

‘ಥೇಟರ್ ಇಲ್ದ ಎದಕ್ಕಂತ ಲೈಸನ್ಸ್ ಕೊಡೂದ್ರಿ?’

ಆದರೂ ಬರಿಗೈಲಿ ಕಳಿಸಬಾರದೆಂದು ತಮ್ಮಲ್ಲಿದ್ದ ಥೇಟರಿನ ಫಾರ್ಮನ್ನೇ ಕೊಟ್ಟರು. ಆಸನ ಎಷ್ಟು, ಹೊರಬಾಗಿಲು ಎಷ್ಟು, ಬೆಂಕಿ ಆರಿಸಲು ಏನೇನು ಇಟ್ಟಿದ್ದೀರಿ ಎಂದೆಲ್ಲ ಅದರಲ್ಲಿ ಕೇಳಿತ್ತು. ಗೆಳೆಯರ ಬಳಿ ಆಗ ಇದ್ದದ್ದು ಒಂದು ಪೋಸ್ಟರಿನ ನಕಲು.

ಗುಮಾಸ್ತರ ಮಾತು ಸರಿಯಾಗಿಯೇ ಇತ್ತು. 1918ರ ಸಿನೆಮಾಟೋಗ್ರಾಫ್ ಕಾಯ್ದೆ ಬಂದಾಗಿನಿಂದಲೂ ಸರ್ಕಾರದ ಕಣ್ಣು ಎರಡರ ಮೇಲೆ: ತೋರಿಸುವ ಜಾಗ, ತೋರಿಸುವ ಚಿತ್ರ. ಜಾಗಕ್ಕೆ ಪರವಾನಗಿ ಕೊಡುವಾತ ಜಿಲ್ಲಾ ಮ್ಯಾಜಿಸ್ಟ್ರೇಟ್. ಚಿತ್ರ ನೋಡಿ ಒಪ್ಪಲು 1920ರಲ್ಲಿ ಮುಂಬೈ, ಕಲಕತ್ತಾ, ಮದರಾಸು, ರಂಗೂನುಗಳಲ್ಲಿ ಬೋರ್ಡುಗಳಾದವು. ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಗೆ ಏನು ಒಳ್ಳೆಯದು, ಏನು ಕೆಟ್ಟದ್ದು ಎಂದು ನೋಡಿ ಹೇಳುವ ಬೋರ್ಡೂ ಮುಂಬೈಯದೇ. ಸಂವಿಧಾನವೂ ಇದೇ ಪಾಲುಪಟ್ಟಿ ಉಳಿಸಿಕೊಂಡಿತು. ಚಿತ್ರಕ್ಕೆ ಒಪ್ಪಿಗೆ ಕೊಡುವುದು ಕೇಂದ್ರದ ಕೆಲಸ, ಥೇಟರು ರಾಜ್ಯದ್ದು. ಅಲ್ಲಿ 1952ರ ಕಾಯ್ದೆ, ಇಲ್ಲಿ 1964ರ ಕರ್ನಾಟಕ ಸಿನೆಮಾ ನಿಯಂತ್ರಣ ಕಾಯ್ದೆ. ಹಂಚಿಕೆದಾರನ ಹೆಸರು 1952ರ ಕಾಯ್ದೆಯ 6ಎ ಕಲಮಿನಲ್ಲಿ ಬರುತ್ತದೆ, ಅದೂ ಏನೆಂದು? ಅವನಿಗೆ ಚಿತ್ರ ಒಪ್ಪಿಸುವವರು ಅದರ ಹೆಸರು, ಉದ್ದ, ಸರ್ಟಿಫಿಕೇಟಿನ ನಂಬರು ತಿಳಿಸಬೇಕು ಎಂದು. ಪಾಪ, ಲೈಸನ್ಸಿನ ಮಾತೇ ಇಲ್ಲ.

ಒಂದು ಲೈಸನ್ಸು ಮಾತ್ರ ಇತ್ತು, ಅದನ್ನು ಕೊಡುತ್ತಿದ್ದವರು ಸ್ಫೋಟಕಗಳ ಇಲಾಖೆಯವರು! ಹಳೆಯ ಫಿಲ್ಮು ನೈಟ್ರೋಸೆಲ್ಯುಲೋಸಿನದು. ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೆ ಮುಳುಗಿಸಿದರೂ ಉರಿಯುತ್ತದೆ, ಏಕೆಂದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಅಂಥ ಫಿಲ್ಮನ್ನು ಕೂಡಿಡಲು 1948ರ ಸಿನೆಮಾಟೋಗ್ರಾಫ್ ಫಿಲ್ಮ್ ನಿಯಮಗಳಾದವು. ಪೆಟ್ರೋಲ್, ಪಟಾಕಿಗಳ ಗೋದಾಮು ನೋಡುವ ಇಲಾಖೆಯೇ ಪ್ರೇಮಕಥೆಗಳ ಗೋದಾಮನ್ನೂ ನೋಡಬೇಕಾಯಿತು. 1950ರ ದಶಕದಲ್ಲಿ ಅಷ್ಟು ಸುಲಭಕ್ಕೆ ಹೊತ್ತದ ಅಸಿಟೇಟ್ ಫಿಲ್ಮು ಬಂದ ಮೇಲೆ ಈ ಭಯ ಇಳಿಯಿತು.

ಇದನ್ನೆಲ್ಲ ಲೇಖಕನ ಕಾಕಾನ ಮುಂದೆ ಹೇಳಿದರೆ ಅವರು ನಕ್ಕರು. ಕಾಕಾ ಹಂಚಿಕೆದಾರರೊಬ್ಬರ ಬಳಿ ‘ರೆಪ್ರೆಸೆಂಟೇಟಿವ್’ ಆಗಿ ತಲೆಗೂದಲು ಹಣ್ಣು ಮಾಡಿಕೊಂಡವರು. ರೀಲ್ ಡಬ್ಬಿಗಳ ಜೊತೆ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೋ ನವಲಗುಂದಕ್ಕೋ ಹೋಗುವುದು, ಬುಕಿಂಗ್ ಕಿಟಕಿಯ ಒಳಗೆ ಒಂದು ಸ್ಟೂಲು ಹಾಕಿಕೊಂಡು ಕೂಡುವುದು. ಶೋ ಶುರುವಾಗುವ ಮೊದಲು ಪ್ರತಿ ಕ್ಲಾಸಿನ ಟಿಕೆಟ್ ಪುಸ್ತಕದ ಮೊದಲ ನಂಬರು ಬರೆದುಕೊಳ್ಳಬೇಕು, ಕಿಟಕಿ ಮುಚ್ಚಿದ ಮೇಲೆ ಕೊನೆಯ ನಂಬರು. ಕಳೆದರೆ ಮಾರಾಟವಾದ ಟಿಕೆಟ್ಟು ಸಿಗುತ್ತದೆ. ಆಮೇಲೆ ಕತ್ತಲಲ್ಲಿ ಒಳಗೆ ಹೋಗಿ ತಲೆ ಎಣಿಸಬೇಕು, ಎರಡೂ ಲೆಕ್ಕ ತಾಳೆಯಾಗದಿದ್ದರೆ ಮ್ಯಾನೇಜರನ ಜೊತೆ ಜಗಳ. ಕಡೆಗೆ ಡಿ.ಸಿ.ಆರ್. ಎಂಬ ದಿನದ ಕಲೆಕ್ಷನ್ ಹಾಳೆಗೆ ಇಬ್ಬರ ಸಹಿ. ಕಾಕಾ ಒಂದೇ ಚಿತ್ರದ ಮಧ್ಯಂತರವನ್ನು ನೂರಾರು ಸಲ ನೋಡಿದ್ದರು, ಆದರೆ ಎಷ್ಟೋ ಚಿತ್ರಗಳ ಕ್ಲೈಮ್ಯಾಕ್ಸು ಅವರಿಗೆ ಗೊತ್ತಿರಲಿಲ್ಲ.

‘ಲೈಸನ್ಸ್ ಕೊಡಾಂವ ಸರ್ಕಾರ ಅಲ್ಲೋ ತಮ್ಮಾ, ಥೇಟರ್ ಮಾಲಕ. ಅಂವ ಡೇಟ್ ಕೊಟ್ಟಾ ಅಂದ್ರ ಆತು’ ಎಂದರು.

ಈ ಧಂಧೆಗೆ ತನ್ನದೇ ನಕಾಶೆಯೂ ಇದೆ. 1956ರ ನವೆಂಬರ್ 1ರಂದು ಹುಬ್ಬಳ್ಳಿ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಹಿಂದಿ ಚಿತ್ರ ಹಂಚುವವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಈ ಭಾಗವನ್ನು ಬಾಂಬೆ ಸರ್ಕ್ಯೂಟಿನಲ್ಲೇ ಇಟ್ಟರು. ಕಲಬುರ್ಗಿ, ರಾಯಚೂರು ಕಡೆಯದು ನಿಜಾಮ್ ಸರ್ಕ್ಯೂಟು. ನಿಜಾಮನ ರಾಜ್ಯ ಹೋದರೂ ಸರ್ಕ್ಯೂಟು ಉಳಿಯಿತು. ಬೆಂಗಳೂರಿನ ಗಾಂಧಿನಗರದಲ್ಲಿ ಕನ್ನಡ ಚಿತ್ರದ ಹಕ್ಕು ಮಾರುವವರೂ ಬಿ.ಕೆ.ಟಿ. ಅಂದರೆ ಬೆಂಗಳೂರು, ಕೋಲಾರ, ತುಮಕೂರು ಎಂದು ಮೊದಲು ಎಣಿಸುತ್ತಾರೆ. ನಮ್ಮ ಕಡೆ ಬರುವಾಗ ‘ಬಾಂಬೆ ಕರ್ನಾಟಕ’ ಎಂದೇ ಅನ್ನುತ್ತಾರೆ. ಏಕೀಕರಣಕ್ಕೆ ಹೋರಾಡಿದ ಊರಿಗೆ ಇದು ಅಷ್ಟೇನೂ ಮರ್ಯಾದೆಯ ಮಾತಲ್ಲ.

ಗೆಳೆಯರಿಗೆ ಕೊನೆಗೆ ಬೇಕಾದದ್ದು ನಿರ್ಮಾಪಕರೊಡನೆ ಸ್ಟಾಂಪ್ ಪೇಪರಿನ ಕರಾರು, ಸೆನ್ಸಾರ್ ಸರ್ಟಿಫಿಕೇಟಿನ ನಕಲು, ಜಿ.ಎಸ್.ಟಿ. ನಂಬರು. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ವಿತರಕರ ವಲಯವೇ ಇದೆ, ಆದರೆ ಅದು ಧಂಧೆಯವರದೇ ಸಂಸ್ಥೆ, ಸರ್ಕಾರದ್ದಲ್ಲ. ಡಬ್ಬಿ ಹೊರುವ ಕೆಲಸವೂ ಬೀಳಲಿಲ್ಲ. ಚಿತ್ರ ಬಂದದ್ದು ಡಿಜಿಟಲ್ ಆಗಿ, ಅದನ್ನು ತೆರೆಯುವ ಕೀಲಿ ಬಂದದ್ದು ಇಮೇಲಿನಲ್ಲಿ. ಎರಡನೇ ವಾರ ಮಾತ್ರ ಬರಲಿಲ್ಲ.

ಕಾಕಾನ ಕಾಲದ ಡಬ್ಬಿಗಳಲ್ಲಿ ಎಷ್ಟೋ ಗುಜರಿಗೆ ಹೋದವು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತಯಾರಾದದ್ದು ಹುಬ್ಬಳ್ಳಿಗೆ ಬೆಂಗಳೂರಿಗಿಂತ ಹತ್ತಿರದ ಕೊಲ್ಲಾಪುರದಲ್ಲಿ. ಇಂದು ಅದರ ಒಂದು ಪ್ರಿಂಟೂ ಇಲ್ಲ. 2003ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದ ಗೋದಾಮಿಗೆ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ಫಿಲ್ಮುಗಳು ಸುಟ್ಟವು. ನಿಮ್ಮ ಮನೆಯ ಅಟ್ಟದಲ್ಲೋ ಮುಚ್ಚಿದ ಥೇಟರಿನ ಮೂಲೆಯಲ್ಲೋ ರೀಲ್ ಡಬ್ಬಿ ಕಂಡರೆ ಗುಜರಿಯವನನ್ನು ಕರೆಯಬೇಡಿ, ಹತ್ತಿರ ಕಡ್ಡಿ ಗೀರಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಒಂದು ಪತ್ರ ಬರೆಯಿರಿ.