ಬೋರ್ನಿಯೊದ ಕಳ್ಳ ರೇಡಿಯೊ

ಸಿಕ್ಕಿಬಿದ್ದರೆ ಸಾವು. ಅದು ಗೊತ್ತಿದ್ದೇ ಅವರು ರೇಡಿಯೊ ಕಟ್ಟಲು ಕೂತರು!

1942ರ ಜುಲೈ. ಎರಡನೇ ಮಹಾಯುದ್ಧದಲ್ಲಿ ಸಿಂಗಪುರ ಜಪಾನಿಯರ ವಶವಾಗಿ ಐದು ತಿಂಗಳಾಗಿತ್ತು. ಸುಮಾರು ಒಂದೂವರೆ ಸಾವಿರ ಆಸ್ಟ್ರೇಲಿಯನ್ ಯುದ್ಧಕೈದಿಗಳನ್ನು ಜಪಾನಿಯರು ಹಡಗಿನಲ್ಲಿ ತುಂಬಿ ತಂದು ಬೋರ್ನಿಯೊದ ಸಂಡಕನ್‌ನಲ್ಲಿ ಇಳಿಸಿದರು. ಹಗಲೆಲ್ಲ ಸುಡುಬಿಸಿಲಲ್ಲಿ ವಿಮಾನ ಇಳಿದಾಣ ಕಟ್ಟುವ ಕೆಲಸ, ಹೊಟ್ಟೆಗೆ ಒಂದಿಷ್ಟು ಅನ್ನ. ಸುತ್ತ ಮುಳ್ಳುತಂತಿ, ಅದರಾಚೆ ಕಾಡು, ಕಾಡಿನಾಚೆ ಸಮುದ್ರ. ಯುದ್ಧದಲ್ಲಿ ಯಾರು ಗೆಲ್ಲುತ್ತಿದ್ದಾರೆ? ಮನೆಯವರು ಬದುಕಿದ್ದಾರಾ? ಕಾವಲುಗಾರರು ಹೇಳಿದ್ದೇ ಸುದ್ದಿ.

ಆ ಕೈದಿಗಳಲ್ಲಿ ಕ್ಯಾಪ್ಟನ್ ಲಯೊನೆಲ್ ಮ್ಯಾಥ್ಯೂಸ್ ಇದ್ದರು. ಸೇನೆಯ ಸಂದೇಶ ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್ ದಳದವರು, ಮಲಯ ಕದನದ ಶೌರ್ಯಕ್ಕೆ ಮಿಲಿಟರಿ ಕ್ರಾಸ್ ಪಡೆದವರು. ಜೊತೆಗೆ ಅದೇ ವಿದ್ಯೆ ಬಲ್ಲ ಇಬ್ಬರು ಲೆಫ್ಟಿನೆಂಟರು: ರಾಡ್ ವೆಲ್ಸ್, ಗಾರ್ಡನ್ ವೇಂಟನ್. ಮ್ಯಾಥ್ಯೂಸ್ ಬೇಲಿಯಾಚೆಗೆ ಗುಟ್ಟಾಗಿ ಜಾಲ ಹೆಣೆದರು. ಊರಿನ ಆಸ್ಪತ್ರೆಯ ಡಾ. ಜೇಮ್ಸ್ ಟೇಲರ್, ಸ್ಥಳೀಯ ಪೊಲೀಸರು, ಚೀನೀ ವ್ಯಾಪಾರಿಗಳು ಎಲ್ಲರೂ ಕೈಜೋಡಿಸಿದರು. ಔಷಧದ ಜೊತೆಗೆ ರೇಡಿಯೊ ಬಿಡಿಭಾಗಗಳೂ ಒಂದೊಂದಾಗಿ ಒಳಗೆ ನುಸುಳಿದವು.

ಸಿಗದ್ದನ್ನು ಕೈಯಾರೆ ಮಾಡಬೇಕಿತ್ತು. ರೆಸಿಸ್ಟರ್ ಬೇಕು, ಅಂಗಡಿ ಎಲ್ಲಿದೆ? ಚಕ್ಕೆಯನ್ನು ಸುಟ್ಟು ಕರಿ ಮಾಡಿದರು. ಆ ಕರಿಯನ್ನು ಹುರಿದಾರಕ್ಕೆ ತಿಕ್ಕಿದರು. ಕರಿ ಹೆಚ್ಚು ಹತ್ತಿದರೆ ಕರೆಂಟು ಸಲೀಸಾಗಿ ಹರಿಯುತ್ತದೆ, ಕಡಿಮೆಯಾದರೆ ತಡೆಯುತ್ತದೆ. ತಿಕ್ಕು, ಪರೀಕ್ಷಿಸು, ಮತ್ತೆ ತಿಕ್ಕು! ಅಡುಗೆಮನೆಯ ಸಾಂಬಾರ ಪದಾರ್ಥ ರೇಡಿಯೊದ ಅಂಗವಾಯಿತು.

ಅಸಲಿ ಯುದ್ಧ ಶುರುವಾದದ್ದು ವಿದ್ಯುತ್ತಿನ ಜೊತೆಗೆ. ದೀಪದ ತಂತಿಯಲ್ಲಿ ಬರುತ್ತಿದ್ದುದು ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟು, ರೇಡಿಯೊ ಸಿಗ್ನಲ್ ಹಿಗ್ಗಿಸುವ ವಾಲ್ವ್‌ಗೆ ಬೇಕಾದ್ದು ಒಂದೇ ದಿಕ್ಕಿಗೆ ಹರಿಯುವ ಡಿಸಿ. ಗಾಜಿನ ನಳಿಕೆಗಳಲ್ಲಿ ಲವಣದ ದ್ರಾವಣ ತುಂಬಿದರು. ಒಂದು ಅಲ್ಯುಮಿನಿಯಂ ತುಂಡು, ಎದುರಿಗೆ ಇನ್ನೊಂದು ಲೋಹದ ತುಂಡು ಇಳಿಬಿಟ್ಟರು. ಕರೆಂಟು ಹರಿಯುತ್ತಲೇ ಅಲ್ಯುಮಿನಿಯಂ ಮೇಲೆ ಆಕ್ಸೈಡಿನ ತೆಳುಪೊರೆ ಕಟ್ಟುತ್ತದೆ. ಆ ಪೊರೆ ಒಂದು ದಿಕ್ಕಿಗೆ ದಾರಿ ಬಿಟ್ಟು, ಎದುರು ದಿಕ್ಕನ್ನು ತಡೆಯುತ್ತದೆ. ದ್ರಾವಣ ಕಾದರೆ ಪೊರೆ ಸೋರುತ್ತದೆ, ಹೆಡ್‌ಫೋನಿನ ತುಂಬ ಗುಂಯ್‌ಗುಟ್ಟುವ ಸದ್ದು.

ಅಷ್ಟಾದರೂ ವೋಲ್ಟೇಜು ಸಾಲದು! ವಾಲ್ವ್ ಏಳುತ್ತಿಲ್ಲ. ಆಗ ನೆರವಿಗೆ ಬಂದವರು ಪವರ್‌ಹೌಸ್ ನೋಡಿಕೊಳ್ಳುತ್ತಿದ್ದ ಚೀನೀ ಇಂಜಿನಿಯರ್ ಆಹ್ ಪಿಂಗ್. ಜಪಾನಿಯರ ಕಣ್ಣೆದುರೇ ಅವರು ರಾತ್ರಿ ಗೊತ್ತುಮಾಡಿದ ಹೊತ್ತಿಗೆ ವೋಲ್ಟೇಜು ಏರಿಸುತ್ತಿದ್ದರು. ದೀಪಗಳು ಇದ್ದಕ್ಕಿದ್ದಂತೆ ಬೆಳಗಿದ್ದನ್ನು ಒಬ್ಬ ಅಧಿಕಾರಿ ಗಮನಿಸಿ ಯಾಕೆ ಎಂದು ಕೇಳಿದ್ದರೆ ಮುಗಿದೇ ಹೋಗುತ್ತಿತ್ತು!

ಶಾರ್ಟ್‌ವೇವ್ ಅಲೆಗಳು ಭೂಮಿಗೂ ಮೇಲಣ ಅಯಾನುಗೋಳಕ್ಕೂ ನಡುವೆ ಪುಟಿಯುತ್ತ ಸಾವಿರಾರು ಕಿಲೋಮೀಟರು ಸಾಗುತ್ತವೆ. ಆದರೆ ಆ ಪದರ ನಿಂತಲ್ಲಿ ನಿಲ್ಲುವುದಿಲ್ಲ. ದನಿ ಉಬ್ಬುತ್ತದೆ, ಇಳಿಯುತ್ತದೆ, ಕಳೆದೇ ಹೋಗುತ್ತದೆ. ಒಂದು ವಾಲ್ವಿನ ಸೆಟ್ಟಿನಲ್ಲಿ ಅದನ್ನು ಹಿಡಿಯಬೇಕಾದರೆ ಹೊರಬಂದ ಸಿಗ್ನಲ್ಲನ್ನೇ ಮತ್ತೆ ಒಳಗೆ ಉಣಿಸಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ಸೆಟ್ಟು ಕಿರುಚುತ್ತದೆ. ಹೊರಗೆ ಬೂಟಿನ ಸಪ್ಪಳ. ಬೆರಳು ನಡುಗಬಾರದು. ತಿರುಗಿಸು, ಇನ್ನೂ ಸ್ವಲ್ಪ... ಬಂತು! ಬಿಬಿಸಿ! ಲಂಡನ್ ಮಾತಾಡುತ್ತಿದೆ!

ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಜಪಾನ್ ಎಲ್ಲ ಕಡೆ ಗೆಲ್ಲುತ್ತಿಲ್ಲ ಎಂದು ಗೊತ್ತಾದ ಕೈದಿ ಮರುದಿನ ಗುದ್ದಲಿ ಹಿಡಿಯುವ ರೀತಿಯೇ ಬೇರೆ.

1943ರ ಜುಲೈನಲ್ಲಿ ಜಾಲ ಬಯಲಾಯಿತು. ಕೆಂಪೆಯ್‌ತಾಯ್ ಎಂಬ ಮಿಲಿಟರಿ ಪೊಲೀಸರು ಮುಗಿಬಿದ್ದರು. ವೆಲ್ಸ್ ಅವರ ಕಿವಿಗೆ ಮರದ ಕಡ್ಡಿ ಹೊಡೆದು ತಮಟೆ ಒಡೆದರು. ಲಂಡನ್ ಆಲಿಸಿದ ಕಿವಿ ಅದು! ವೆಲ್ಸ್, ವೇಂಟನ್ ಸಿಂಗಪುರದ ಔಟ್ರಮ್ ರೋಡ್ ಜೈಲಿಗೆ ಹೋದರು. ಮ್ಯಾಥ್ಯೂಸ್ ಅವರನ್ನೂ ಎಂಟು ಮಂದಿ ಸ್ಥಳೀಯರನ್ನೂ 1944ರ ಮಾರ್ಚ್ 2ರಂದು ಬೋರ್ನಿಯೊದ ಇನ್ನೊಂದು ಊರಾದ ಕುಚಿಂಗ್‌ನಲ್ಲಿ ಕೊಂದರು. ಮುಂದೆ ಮ್ಯಾಥ್ಯೂಸ್ ಅವರಿಗೆ ಮರಣೋತ್ತರ ಜಾರ್ಜ್ ಕ್ರಾಸ್ ಪದಕ ಸಂದಿತು. ಸಂಡಕನ್‌ನಲ್ಲೇ ಉಳಿದ ಸುಮಾರು 2,400 ಆಸ್ಟ್ರೇಲಿಯನ್ ಮತ್ತು ಬ್ರಿಟಿಷ್ ಕೈದಿಗಳಲ್ಲಿ ಹಸಿವು, ರೋಗ, ಕಾಡಿನಲ್ಲಿ ಬಲವಂತವಾಗಿ ನಡೆಸಿದ ಸಾವಿನ ನಡಿಗೆಗಳನ್ನು ದಾಟಿ ಬದುಕಿದವರು ಆರೇ ಆರು ಜನ.

ಇಷ್ಟು ಭಯ ಹುಟ್ಟಿಸಿದರೂ ಬೋರ್ನಿಯೊದ ಕಳ್ಳ ರೇಡಿಯೊ ಬಾಯಿ ಮುಚ್ಚಲಿಲ್ಲ!

ಮ್ಯಾಥ್ಯೂಸ್ ಸತ್ತ ಅದೇ ಕುಚಿಂಗ್‌ನಲ್ಲಿ ಬಾಟು ಲಿಂಟಾಂಗ್ ಶಿಬಿರವಿತ್ತು. ಅದು ಮೊದಲು ನಮ್ಮ ಪಂಜಾಬ್ ರೆಜಿಮೆಂಟಿನ ಸಿಪಾಯಿಗಳಿಗಾಗಿ ಕಟ್ಟಿದ ಬ್ಯಾರಕ್ಕು. ಕುಚಿಂಗ್ ಸೇರಿದ ಸರಾವಾಕ್ ನಾಡನ್ನು ಕಾಯಲು ಹೋರಾಡಿ ಸೆರೆಸಿಕ್ಕ ಭಾರತೀಯ ಸೈನಿಕರೂ ಅಲ್ಲಿ ಕೈದಿಗಳಾಗಿದ್ದರು. ಹೆಂಗಸರು, ಮಕ್ಕಳು ಕೂಡ ಅದೇ ಬೇಲಿಯೊಳಗೆ. ಅಲ್ಲಿನ ಬ್ರಿಟಿಷ್ ಸಿಪಾಯಿಗಳು, ಲೆನ್ ಬೆಕೆಟ್ ಮತ್ತು ಗೆಳೆಯರು, 1943ರಲ್ಲಿ ರೇಡಿಯೊ ಕಟ್ಟಿದರು. ಗುಟ್ಟಿನ ಹೆಸರು ‘ಓಲ್ಡ್ ಲೇಡಿ’, ಮುದುಕಿ. ಕರೆಂಟು ನಂಬುವಂತಿರಲಿಲ್ಲ. ಹಾಗಾದರೆ ಮುದುಕಿಗೆ ಊಟ ಹಾಕುವವರು ಯಾರು? ಕೈಯಿಂದ ತಿರುಗಿಸುವ ಜನರೇಟರನ್ನೇ ಗುಟ್ಟಾಗಿ ಮಾಡಿದರು. ಅದರ ಹೆಸರು ‘ಜಿನ್ನಿ’.

ಈಗ ಪವರ್‌ಹೌಸ್ ಎಂದರೆ ಮನುಷ್ಯನ ತೋಳು! ಅರೆಹೊಟ್ಟೆಯ, ಬೆರಿಬೆರಿ ರೋಗ ಬಡಿದ ಮೈಯ ತೋಳು. ಹ್ಯಾಂಡಲ್ ಒಂದೇ ವೇಗದಲ್ಲಿ ತಿರುಗಬೇಕು. ವೇಗ ಇಳಿದರೆ ವೋಲ್ಟೇಜು ಇಳಿಯುತ್ತದೆ, ವಾಲ್ವಿನ ತಂತಿ ತಣಿಯುತ್ತದೆ, ವಾರ್ತೆಯ ಮಧ್ಯದಲ್ಲೇ ದನಿ ಅಳಿಸಿಹೋಗುತ್ತದೆ. ಭುಜ ಉರಿದರೂ ಏದುಸಿರು ಕೇಳಿಸಬಾರದು, ಯಂತ್ರದ ಸದ್ದು ಹೊರಗೆ ಹೋಗಬಾರದು. ತಿರುಗಿಸು! ಬಿಡಬೇಡ! ಒಬ್ಬ ಕಿವಿಗೊಟ್ಟು ಕೇಳುತ್ತಾನೆ, ಇನ್ನೊಬ್ಬ ಬೆವರು ಹರಿಸಿ ತಿರುಗಿಸುತ್ತಾನೆ. ಆ ಶಿಬಿರದ ಬ್ರಿಟಿಷ್ ಸಿಪಾಯಿಗಳಲ್ಲಿ ಬಹುಪಾಲು ಜನ ಬದುಕಿ ಊರು ಸೇರಲಿಲ್ಲ. ಮುದುಕಿ ಮಾತ್ರ ಕೊನೆತನಕ ಉಸಿರಾಡಿದಳು.

1945ರ ಆಗಸ್ಟ್ 15. ಹೆಡ್‌ಫೋನಿನಲ್ಲಿ ಆ ಮಾತು ಬಂದೇಬಿಟ್ಟಿತು: ಜಪಾನ್ ಶರಣಾಗಿದೆ! ಕಾವಲುಗಾರರು ಬಾಯಿ ಬಿಡುವ ಮೊದಲೇ ಕೈದಿಗಳಿಗೆ ಗೊತ್ತು. ಆದರೆ ಕುಣಿಯುವಂತಿಲ್ಲ, ಬಂದೂಕು ಇನ್ನೂ ಕಾವಲುಗಾರರ ಕೈಯಲ್ಲೇ ಇದೆ. ಆಸ್ಟ್ರೇಲಿಯನ್ ಪಡೆ ಶಿಬಿರ ತಲುಪಿದ್ದು ಸೆಪ್ಟೆಂಬರ್ 11ಕ್ಕೆ. ಕೈದಿಗಳನ್ನೆಲ್ಲ ಕೊಂದು ಮುಗಿಸುವ ಯೋಜನೆಯ ಕಾಗದಗಳು ಆಮೇಲೆ ಅಲ್ಲಿ ಸಿಕ್ಕವು. ನಾಲ್ಕು ವಾರ ಅವರು ತಾಳ್ಮೆಗೆಡದೆ ಕಾದದ್ದು ಯುದ್ಧ ಮುಗಿದಿದೆ ಎಂಬ ಖಚಿತ ಸುದ್ದಿಯ ಬಲದಿಂದ.

ಈ ಕಥೆ ಹೇಳುವಾಗ ರೇಡಿಯೊ ಕಟ್ಟಿದವರ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ಹೊಗಳಲೇಬೇಕು. ಆದರೆ ಪವರ್‌ಹೌಸಿನಲ್ಲಿ ಜೀವ ಒತ್ತೆಯಿಟ್ಟ ಆಹ್ ಪಿಂಗ್ ಸೈನಿಕರಾಗಿರಲಿಲ್ಲ. ಜಿನ್ನಿಯ ಹ್ಯಾಂಡಲ್ ತಿರುಗಿಸಿದವರಿಗೆ ತಿರುಗಿಸುವಾಗ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಸಾವಿರಾರು ಜನ ಸುದ್ದಿ ಕೇಳಲೆಂದು ಕರೆಂಟು ಹರಿಸಿದ ಅವರೆಲ್ಲರ ಹೆಸರೂ ಮ್ಯಾಥ್ಯೂಸ್ ಹೆಸರಿನ ಪಕ್ಕದಲ್ಲೇ ನಿಲ್ಲಬೇಕು.